ವಿಷಾದಪಡುವ ದೊರೆಗಳಿಗೆ ಬುತ್ತಿ

ಪ್ಲೇಗು ಬಂದೋಬಸ್ತಿನ ದೊರೆಗಳವರ ಸನ್ನಿಧಾನಕ್ಕೆ, ಅವರದೇ ಕಚೇರಿಯ ಜಗಲಿಯಲ್ಲಿ ಕೂತು ಊರವರ ಅರ್ಜಿ ಬರೆದುಕೊಡುವ ನಂಜನಗೂಡಿನ ಸಿದ್ದಮಲ್ಲಪ್ಪನು ಕೈಮುಗಿದು ಮಾಡುವ ಬಹಿರಂಗ ವಿಜ್ಞಾಪನೆ.

ಮಾನ್ಯರೇ, ತಾವು ಕ್ಷೇಮವೇ ಎಂದು ಕೇಳಲು ನನಗೆ ಧೈರ್ಯ ಸಾಲದು. ಏಕೆಂದರೆ ತಮ್ಮ ಕಾಗದಗಳನ್ನು ನಂಬುವುದಾದರೆ ಈ ಸೀಮೆಯಲ್ಲಿ ತಮ್ಮಷ್ಟು ದುಃಖಿಗಳು ಇನ್ನೊಬ್ಬರಿಲ್ಲ. ಹದಿನಾರು ಗ್ರಾಮದ ಮಲ್ಲಾಜಮ್ಮನ ಗಂಡ ಪ್ಲೇಗಿನಲ್ಲಿ ತೀರಿಕೊಂಡ ಮೇಲೆ, ಮನೆಯೊಳಗೆ ಬಿಸಿಲು ಬೀಳಲೆಂದು ತಮ್ಮವರು ಹೆಂಚು ಇಳಿಸಿ ಚಾವಡಿಯಲ್ಲಿ ಪೇರಿಸಿದರು. ರೋಗ ಹೋಗಿ ಆರು ತಿಂಗಳಾಯಿತು. ಮಳೆಗಾಲಕ್ಕೆ ಮುಂಚೆ ಹೆಂಚು ಹೊದಿಸಿಕೊಳ್ಳಲು ಅಪ್ಪಣೆಯಾಗಬೇಕೆಂದು ಅವಳ ಪರವಾಗಿ ಮೂರು ಅರ್ಜಿ ಬರೆದೆ. ಸದ್ಯಕ್ಕೆ ಸಾಧ್ಯವಿಲ್ಲವೆಂದು ಮೂರಕ್ಕೂ ತಾವು ‘ವಿಷಾದದಿಂದ’ ತಿಳಿಸಿದಿರಿ.

ವಿಷಾದವೆಂದರೇನೆಂದು ಅವಳು ಕೇಳಿದಳು. ಎದೆಯ ತಳಕ್ಕಿಳಿದು ಅನ್ನ ನೀರು ಬೇಡವೆನ್ನಿಸುವ ದುಃಖವೆಂದು ಹೇಳಿಬಿಟ್ಟೆ. ಅದೇ ನನ್ನ ತಪ್ಪು. “ಅಯ್ಯೋ, ಅಂಗಾರೆ ಅವ್ರ ಮನೇಲಿ ಒಲೆ ಅಚ್ಚವ್ರೋ ಇಲ್ವೋ ಸಾ” ಎಂದವಳು, ಮಾರನೆಯ ದಿನ ಮುದ್ದೆ, ಉಪ್ಪೆಸರಿನ ಬುತ್ತಿ ಹೊತ್ತು ತಮ್ಮ ಬಾಗಿಲಿಗೆ ಬಂದಳು. ಸಾವಿನ ಮನೆಗೆ ನೆರೆಯವರು ಹಾಗೆಯೇ ಒಯ್ಯುವುದು ನಮ್ಮ ಕಡೆಯ ಪದ್ಧತಿ. ಅವಳ ಗಂಡ ಸತ್ತಾಗ ಮಾತ್ರ, ರೋಗದ ಭಯಕ್ಕೆ, ಒಬ್ಬರೂ ಒಯ್ದಿರಲಿಲ್ಲ.

ತಾವು ಆಗತಾನೆ ಹೋಳಿಗೆ ಊಟ ಮುಗಿಸಿ ಎಲೆಯಡಿಕೆ ಜಗಿಯುತ್ತಿದ್ದಿರಿ. ಬುತ್ತಿಯ ಸಂಗತಿ ಕೇಳಿ ಬಾಯೊಳಗಿನ ರಸ ಅಂಗಿಯ ಮೇಲೆ ಚೆಲ್ಲುವಷ್ಟು ನಕ್ಕಿರಿ. ಮೂರು ಕಾಗದಗಳ ದುಃಖವನ್ನು ಹೊಟ್ಟೆಯಲ್ಲಿಟ್ಟುಕೊಂಡೂ ಇಷ್ಟು ಚೆನ್ನಾಗಿ ನಗಬಲ್ಲ ತಮ್ಮ ಮನಃಸ್ಥೈರ್ಯ ಋಷಿಗಳಿಗೂ ಬಾರದು. ಅವಳಿಗೆ ನಾಚಿಕೆಯಾಯಿತು, ನನಗೆ ಮೈಯೆಲ್ಲ ಉರಿಯಿತು.

ಆದಕಾರಣ ಬೇಡಿಕೊಳ್ಳುವುದೇನೆಂದರೆ, ಇನ್ನು ಮುಂದೆ ಆ ಪದ ಬರೆದ ದಿನ ತಾವು ಕಡ್ಡಾಯವಾಗಿ ಉಪವಾಸವಿರಬೇಕು. ಡಾಕ್ಟರು ತಮ್ಮ ಕಣ್ಣೀರನ್ನು ಪಾವಿನಲ್ಲಿ ಅಳೆದು ಷರಾ ಬರೆದ ಮೇಲೆಯೇ ಕಾಗದಕ್ಕೆ ಮೊಹರು ಬೀಳಬೇಕು. ಅದಾಗದಿದ್ದರೆ ಆ ಪದವನ್ನು ಖಜಾನೆಯಲ್ಲಿಟ್ಟು ಬೀಗ ಹಾಕಿಸಿ, ‘ಆಗುವುದಿಲ್ಲ, ಹೋಗು’ ಎಂದೇ ಬರೆಯಬೇಕು. ಮಾತು ಒರಟಾದರೂ ಅದು ಬಡವರನ್ನು ಹರದಾರಿಗಟ್ಟಲೆ ನಡೆಸುವುದಿಲ್ಲ.

ಇಂತಿ, ತಮ್ಮ ದುಃಖದಲ್ಲಿ ಪಾಲು ಬೇಡಲು ಯೋಗ್ಯತೆ ಸಾಲದ ತಮ್ಮ ವಿಶ್ವಾಸಿ,
ಸಿದ್ದಮಲ್ಲಪ್ಪ

ಮರೆತ ಮಾತು: ಮೊನ್ನೆಯ ಮಳೆಗೆ ಮಲ್ಲಾಜಮ್ಮನ ಮನೆಯ ಗೋಡೆಗಳು ಕುಸಿದುಬಿದ್ದವು. ಹೆಂಚು ಹೊದಿಸಲು ಏನೂ ಉಳಿದಿಲ್ಲವಾದ್ದರಿಂದ ನಾಲ್ಕನೆಯ ಅರ್ಜಿ ಬರುವುದಿಲ್ಲ. ತಾವಿನ್ನು ವಿಷಾದಪಡುವ ಅಗತ್ಯವಿಲ್ಲ.