ಚಪ್ಪಟೆ ತಲೆಯ ಹತ್ತು ಗುಂಡು

ಸೊಣ್ಣಪ್ಪನ ಭಾನುವಾರ ಕೆಟ್ಟದ್ದು ನೋಟಿಸಿನ ಕಡೆಯ ಸಾಲಿನಿಂದ. ಅವನು ಕೆಲಸ ಮಾಡುವ ಹೊಸೂರಿನ ಕಾರ್ಖಾನೆಯಲ್ಲಿ ಏರ್ ರೈಫಲ್ ಸ್ಪರ್ಧೆ ಇಟ್ಟಿದ್ದರು, ಗೆದ್ದವರಿಗೆ ಗ್ರೈಂಡರ್. ಕೆಳಗೆ, 'ಬೇಕಾದವರು ತಮ್ಮದೇ ಗುಂಡು ತರಬಹುದು' ಎಂದಿತ್ತು. ದಿನವಿಡೀ ಸ್ಕ್ರೂಗಳ ಅಳತೆ ನೋಡುವ ಸೊಣ್ಣಪ್ಪನಿಗೆ ಅಷ್ಟು ಸಾಕಾಯಿತು. ಗುಂಡಿನಲ್ಲಿ ಎಷ್ಟು ಬಗೆ? ಯಾವುದು ಮೇಲು? ಕಿವಿಯೊಳಗೆ ಜೀರುಂಡೆ ಹೊಕ್ಕಂತಾಯಿತು.

ಬೆಳಿಗ್ಗೆ ಉದ್ದನಪಲ್ಲಿಯ ಮನೆಯಿಂದ ಸ್ಕೂಟರ್ ಹೊರಗೆ ತೆಗೆಯುವಷ್ಟರಲ್ಲಿ ಎದುರುಮನೆಯ ಕುಮಾರೇಶ್ ಅಡ್ಡ ಬಂದ. ಅವನದೂ ಅದೇ ಕಾರ್ಖಾನೆ, ಅವನೂ ಸ್ಪರ್ಧಿ.

"ಸೊಣ್ಣಣ್ಣ, ಚೂಪು ತಲೇದು ತಗೋ. ನಾನೂ ಅದ್ನೇ ತಂದಿವ್ನಿ. ಸೂಜಿ ಹೋದಂಗೆ ಹೋಯ್ತದೆ."

ಪಕ್ಕದ ಮನೆಯ ರುಕ್ಮಿಣಮ್ಮ ಜಗಲಿಯಿಂದಲೇ ಕೂಗಿದರು. "ಅದೆಲ್ಲ ಬ್ಯಾಡ ಕಣಪ್ಪ! ನಮ್ ತಾತ ಮೊಲಕ್ಕೆ ದುಂಡಗಿರೋ ಗುಂಡೇ ಹಾಕ್ತಿದ್ದ."

"ಮೊಲ ಬೀಳ್ತಿತ್ತಾ ಅಜ್ಜಿ?" ಸೊಣ್ಣಪ್ಪ ಕೇಳಿದ.

"ಒಂದ್ಸಲ ನಮ್ ಮೇಕೆ ಬಿತ್ತು."

ಹೊಸೂರಿನ ಅಂಗಡಿಯವನು ಮೂರು ಡಬ್ಬಿ ಮುಂದಿಟ್ಟು ಒಂದೇ ಪ್ರಶ್ನೆ ಕೇಳಿದ. "ಹೊಡೆಯೋದು ಇಲಿನಾ, ಪೇಪರಾ ಸಾರ್?"

"ಪೇಪರು."

"ಅಪ್ಪೊ, ಹಂಗಾದ್ರೆ ಚಪ್ಪಟೆ ತಲೇನೇ. ಚೂಪು ಗುಂಡು ಪೇಪರ್ನ ಹರಿದಾಕ್ಬುಡ್ತದೆ. ಇದು ಪಂಚಿಂಗ್ ಮಿಷಿನ್ ಹೊಡ್ದಂಗೆ ದುಂಡಗೆ ತೂತು ಮಾಡ್ತದೆ. ಮಾರ್ಕು ಎಣಿಸೋಕೆ ಸಲೀಸು."

ಡಬ್ಬಿ ಕೊಂಡರೂ ಸೊಣ್ಣಪ್ಪನ ಅನುಮಾನ ಹೋಗಲಿಲ್ಲ. ನೂರು ಗುಂಡೂ ಒಂದೇ ತೂಕ ಇರುತ್ತವೆಯೇ? ನೇರ ಅಕ್ಕಸಾಲಿ ಶ್ರೀನಿವಾಸಾಚಾರಿಯ ಅಂಗಡಿಗೆ ಹೋಗಿ, ಚಿನ್ನದ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿಸಿದ. ಓಲೆ ಕೊಳ್ಳಲು ಬಂದಿದ್ದ ಮದುವೆ ಮನೆಯವರು ಕಾದು ಕಾದು ಎದ್ದು ಹೋದರು. ಆಚಾರಿ ಹಲ್ಲು ಕಡಿಯುತ್ತ, "ಇದಕ್ಕೆ ಹಾಲ್‌ಮಾರ್ಕೂ ಹಾಕ್ಕೊಡ್ಲಾ?" ಅಂದ. ಕೊನೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಹತ್ತು ಗುಂಡುಗಳು ಸೊಣ್ಣಪ್ಪನ ಕರವಸ್ತ್ರ ಸೇರಿದವು.

ಮಧ್ಯಾಹ್ನ ಸ್ಪರ್ಧೆ. ಸೊಣ್ಣಪ್ಪನದು ನಾಲ್ಕನೇ ನಂಬರು, ಪಕ್ಕದಲ್ಲಿ ಐದನೆಯವನಾಗಿ ಕುಮಾರೇಶ್. ಸೊಣ್ಣಪ್ಪ ಪ್ರತಿ ಗುಂಡನ್ನೂ ಬೆಳಕಿಗೆ ಹಿಡಿದು ನೋಡಿ, ತುಂಬಿ, ಉಸಿರು ಬಿಗಿಹಿಡಿದು ಹೊಡೆದ. ಹತ್ತೂ ಬೆಣ್ಣೆಯಲ್ಲಿ ಇಳಿದಂತೆ ಹೋದವು.

ತೀರ್ಪುಗಾರರು ಮಾಜಿ ಸೈನಿಕ ರಾಮಮೂರ್ತಿ. ಗುರಿಯ ಕಾರ್ಡುಗಳನ್ನು ನೋಡಿ ಕೂಗಿದರು. "ನಾಲ್ಕನೇ ನಂಬರ್, ಸೊನ್ನೆ! ಐದನೇ ನಂಬರ್, ತೊಂಬತ್ತಾರು!"

ಸೊಣ್ಣಪ್ಪನ ಮುಖ ಬೂದಿಯಾಯಿತು. ಕುಮಾರೇಶ್ ತನ್ನ ಕಾರ್ಡನ್ನು ತಾನೇ ನಂಬಲಾರದೆ ನಿಂತಿದ್ದ. ಸೊಣ್ಣಪ್ಪ ಅದನ್ನು ಕಿತ್ತುಕೊಂಡು ಕಣ್ಣಿಗೆ ಹಿಡಿದ. ಹತ್ತು ತೂತು, ಹತ್ತೂ ದುಂಡಗೆ!

"ಸಾರ್, ಇವೆಲ್ಲ ನನ್ನ ಗುಂಡು! ಅವಂದು ಚೂಪು ತಲೇದು, ಹೊಡೆದಿದ್ರೆ ಪೇಪರ್ ಹರೀಬೇಕಿತ್ತು. ಬೇಕಾದ್ರೆ ಕೇಳಿ ಅವನ್ನೇ!"

ರಾಮಮೂರ್ತಿ ಭೂತಗನ್ನಡಿ ತರಿಸಿ ನೋಡಿದರು. ಕುಮಾರೇಶ್ ತಲೆ ಕೆರೆದುಕೊಂಡು ಒಪ್ಪಿದ. "ನಂದೆಲ್ಲ ಹಿಂದಿನ ಮರಳು ಮೂಟೆಗೆ ಹೋದಂಗಿತ್ತು ಸಾರ್."

"ಭೇಷ್ ಸೊಣ್ಣಪ್ಪ! ಚೆನ್ನಾಗಿ ಸಾಬೀತು ಮಾಡಿದ್ರಿ. ಹತ್ತೂ ನಿಮ್ಮವೇ," ಅಂದರು ರಾಮಮೂರ್ತಿ. ಸೊಣ್ಣಪ್ಪನ ಎದೆ ಉಬ್ಬಿತು. "ಆದ್ರೆ ಇನ್ನೊಬ್ಬರ ಕಾರ್ಡಿಗೆ ಹೊಡೆದೋರು ಸ್ಪರ್ಧೆಯಿಂದ ಔಟ್. ರೂಲ್ಸು."

ಬಹುಮಾನ ನಲವತ್ತೊಂದು ಅಂಕದ, ಕ್ಯಾಂಟೀನಿನ ವನಿತಾಗೆ ಹೋಯಿತು. ಆಕೆ ಗ್ರೈಂಡರ್ ಎತ್ತಿಕೊಂಡು ಹೊರಟಾಗ ಸೊಣ್ಣಪ್ಪನಿಗೆ ತಡೆಯಲಾಗಲಿಲ್ಲ. ಹಿಂದೆಯೇ ಓಡಿ ಕೇಳಿದ. "ವನಿತಮ್ಮ, ನೀನು ಯಾವ ಗುಂಡು ಹಾಕ್ದೆ?"

"ಅಲ್ಲಿ ಬೋಗುಣೀಲಿಟ್ಟಿದ್ರಲ್ಲ, ಅದ್ನೇ ಕಣಣ್ಣ," ಎಂದು ವನಿತಾ ಅವನನ್ನೇ ಅಚ್ಚರಿಯಿಂದ ನೋಡಿದಳು. "ಯಾಕೆ, ಗುಂಡ್ನಲ್ಲೂ ಬೇರೆ ಬೇರೆ ಇರ್ತದಾ?"