ಯಜಮಾನರ ಉಪನ್ಯಾಸಕ್ಕೆ ನಾನು ಜನ ಸೇರಿಸಿದ್ದು

ಡಾಕ್ಟರನ್ನು ಮದುವೆಯಾದವಳ ಕಷ್ಟಗಳ ಬಗ್ಗೆ ಎಲ್ಲರಿಗೂ ಒಂದು ಅಂದಾಜಿರುತ್ತದೆ. ಬಡಿಸಿದ ಊಟ ಆರಿಹೋಗುತ್ತದೆ. ಮದುವೆಮನೆಯಲ್ಲಿ ಎಲೆಯ ಮುಂದೆ ಕೂತಾಗಲೇ ಫೋನು ಬರುತ್ತದೆ. ಬಂದ ನೆಂಟರೆಲ್ಲ ಕಾಫಿ ಕುಡಿಯುವ ಮೊದಲೇ ಮಂಡಿ ತೋರಿಸುತ್ತಾರೆ. ಇವೆಲ್ಲ ದೇವರ ದಯೆಯಿಂದ ನನಗೆ ರೂಢಿಯಾಗಿತ್ತು. ಆದರೆ ಡಾಕ್ಟರುಗಳ ಸಂಘದ ಕಾರ್ಯದರ್ಶಿಯ ಹೆಂಡತಿಯಾಗುವುದು ಬೇರೆಯೇ ಕಷ್ಟ ಎಂದು ನನಗೆ ಯಾರೂ ಹೇಳಿರಲಿಲ್ಲ.

ನಮ್ಮವರು ಜಿಗಣಿಯಲ್ಲಿ ಕ್ಲಿನಿಕ್ ಇಟ್ಟುಕೊಂಡಿರುವ ಸಾಧಾರಣ ಡಾಕ್ಟರು. ಸುತ್ತಲಿನ ಡಾಕ್ಟರುಗಳು ಸೇರಿ ಕಟ್ಟಿಕೊಂಡ ಸಂಘದಲ್ಲಿ ತಮ್ಮ ಪಾಡಿಗೆ ಸದಸ್ಯರಾಗಿದ್ದರು. ಹೋದ ವರ್ಷ ಚುನಾವಣೆ ನಡೆಯುವಾಗ ಯಾವುದೋ ಪೇಶೆಂಟಿನ ಫೋನು ಬಂದು ಹೊರಗೆ ಹೋದರು. ಮಾತು ಮುಗಿಸಿ ಒಳಗೆ ಬರುವಷ್ಟರಲ್ಲಿ ಅವಿರೋಧವಾಗಿ ಕಾರ್ಯದರ್ಶಿ ಆಗಿಬಿಟ್ಟಿದ್ದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. "ಅಷ್ಟು ಖುಷಿಯಾಗಿ ಯಾಕೆ ತಟ್ಟಿದ್ರು ಅಂತ ಈಗ ಗೊತ್ತಾಗ್ತಿದೆ ಕಣೆ" ಎಂದು ಎರಡು ತಿಂಗಳ ಮೇಲೆ ನನ್ನ ಹತ್ತಿರ ಹೇಳಿದರು.

ಸಂಘದಲ್ಲಿ ತಿಂಗಳಿಗೊಂದು ಉಪನ್ಯಾಸ, ಅದಾದ ಮೇಲೆ ಊಟ. ಉಪನ್ಯಾಸ ಕೇಳುವುದಕ್ಕೆ ನಮ್ಮವರು, ಅಧ್ಯಕ್ಷರು, ಮೈಕಿನವನು. ಊಟದ ಹೊತ್ತಿಗೆ ಹಾಲ್ ಭರ್ತಿ. ಸದಸ್ಯರದು ತಪ್ಪು ಎನ್ನಲಾರೆ. ಫ್ಯಾಕ್ಟರಿಗಳ ಶಿಫ್ಟ್ ಬಿಟ್ಟ ಮೇಲೇ ಇಲ್ಲಿನ ಕ್ಲಿನಿಕ್ಕುಗಳಿಗೆ ಜನ ಬರುವುದು. ಜ್ವರ ಬಂದ ಮಗುವನ್ನು ಬೆಂಚಿನ ಮೇಲೆ ಬಿಟ್ಟು ಯಾರು ತಾನೇ ಉಪನ್ಯಾಸಕ್ಕೆ ಓಡಿಬರುತ್ತಾರೆ? ಆದರೂ ಅಷ್ಟು ದೂರದಿಂದ ಟ್ರಾಫಿಕ್ಕಿನಲ್ಲಿ ಬಂದ ದೊಡ್ಡ ಡಾಕ್ಟರೊಬ್ಬರು ಖಾಲಿ ಕುರ್ಚಿಗಳಿಗೆ ಹೃದಯದ ಕವಾಟ ವಿವರಿಸಿ ಹೋದ ದಿನ, ಮನೆಗೆ ಬಂದ ನಮ್ಮವರು ಮಜ್ಜಿಗೆ ಕೂಡ ಬೇಡವೆಂದರು.

ಮುಂದಿನ ತಿಂಗಳಿಗೆ ಮಾತಾಡುವವರು ಸಿಗದೆ ನಮ್ಮವರೇ ಮಾತಾಡಬೇಕಾಯಿತು. ಅವರು ಆರಿಸಿಕೊಂಡ ವಿಷಯ ಬೆರಳು. ಪ್ರೆಸ್ ಮೆಷಿನ್ನಿಗೆ ಸಿಕ್ಕಿ ಜಜ್ಜಿದ, ತುಂಡಾದ ಬೆರಳುಗಳನ್ನು ಹಿಡಿದು ಅವರ ಕ್ಲಿನಿಕ್ಕಿಗೆ ಓಡಿಬಂದವರಿಗೆ ಲೆಕ್ಕವಿಲ್ಲ. ಮೊದಲು ನೋಡಿದ ಡಾಕ್ಟರು ಸರಿಯಾಗಿ ನೋಡಿ ಬೇಗ ದೊಡ್ಡಾಸ್ಪತ್ರೆಗೆ ಕಳಿಸಿದರೆ ಎಷ್ಟೋ ಬೆರಳು ಉಳಿದಾವು ಎನ್ನುವುದು ಅವರ ಹಳೆಯ ಸಂಕಟ. ದಿನಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಅಭ್ಯಾಸ ಮಾಡಿದರು. ನಾನು ಹುಣಸೆಹಣ್ಣು ಕಿವುಚುತ್ತಾ ತಲೆಯಾಡಿಸಿದೆ. ಒಂದು ಬೆಳಿಗ್ಗೆ ಶೂ ಹಾಕಿಕೊಳ್ಳುತ್ತಾ, "ಈ ಸಲಾನೂ ಯಾರೂ ಬರ್ಲಿಲ್ಲ ಅಂದ್ರೆ ಉಪನ್ಯಾಸ ನಿಲ್ಲಿಸ್ಬಿಡ್ತೀನಿ ಪದ್ಮಾ, ಈ ಕಾರ್ಯದರ್ಶಿ ಕೆಲಸಾನೂ ಬಿಟ್ಬಿಡ್ತೀನಿ. ಬರೀ ಊಟ ಇಟ್ಕೊಳ್ಲಿ" ಎಂದರು. ನಗುತ್ತಲೇ ಅಂದರು. ಆ ನಗು ನನಗೆ ಹಿಡಿಸಲಿಲ್ಲ.

ದೀಪ ಹಚ್ಚಿ, ನಾಲ್ಕು ಜನರಾದರೂ ಇವರ ಮಾತಿಗೆ ಕಿವಿಗೊಟ್ಟು ಕೂರಲಿ ಸ್ವಾಮಿ ಎಂದು ಬೇಡಿಕೊಂಡೆ. ಆದರೆ ದೇವರಿಗೆ ಒಪ್ಪಿಸಿ ಸುಮ್ಮನಿರುವ ಹೆಂಗಸಲ್ಲ ನಾನು. ಡಾಕ್ಟರುಗಳು ಫೋನ್ ಎತ್ತುವುದಿಲ್ಲ, ಅವರ ಹೆಂಡತಿಯರು ಎತ್ತುತ್ತಾರೆ. ಮಧ್ಯಾಹ್ನವಿಡೀ ಕೂತು ಒಬ್ಬೊಬ್ಬರಿಗೂ "ನಿಮ್ಮ ಯಜಮಾನ್ರನ್ನ ಟೈಮಿಗೆ ಸರಿಯಾಗಿ ಕಳಿಸ್ಕೊಡಿ" ಎಂದೆ. ಹಾಗಂತ ಒಂದು ಮನೆಯ ಗಂಡಸನ್ನು ಮಾತ್ರ ಕರೆದು ಫೋನ್ ಇಡುವುದುಂಟೆ? ನಮ್ಮ ಕಡೆ ಯಾರೂ ಹಾಗೆ ಕರೆಯುವುದಿಲ್ಲ. "ನೀವೂ ಬರ್ಬೇಕು, ತಪ್ಪಿಸ್ಕೋಬಾರ್ದು ಮತ್ತೆ" ಎಂದು ಬಾಯಿ ತಾನಾಗಿಯೇ ಸೇರಿಸುತ್ತಿತ್ತು, ಪ್ರತಿ ಫೋನಿಗೂ.

ಉಪನ್ಯಾಸದ ಸಂಜೆ ಮೂಳೆ ಡಾಕ್ಟರ ಹೆಂಡತಿ ಶೈಲಾ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು ಎಲ್ಲರಿಗಿಂತ ಮೊದಲು ಬಂದಳು. "ಇವ್ರು ಪೇಶೆಂಟ್ಸ್ ಮುಗಿಸ್ಕೊಂಡು ಬರ್ತಾರಂತೆ ಅಕ್ಕಾ. ನೀವು ಅಷ್ಟು ಹೇಳಿದ್ರಲ್ಲ, ನಾನು ಬಂದ್ಬಿಟ್ಟೆ!" ಹಿಂದೆಯೇ ಮಕ್ಕಳ ಡಾಕ್ಟರ ಹೆಂಡತಿ, ಅತ್ತೆಯ ಸಮೇತ. ಆಮೇಲೆ ಸಾಲುಸಾಲು ಸೀರೆಗಳು. ಹೆರಿಗೆ ಡಾಕ್ಟರಮ್ಮನ ಬದಲು ಅವರ ಯಜಮಾನರು ಬಂದು ಮಲ್ಲಿಗೆಯ ನಡುವೆ ಮುದುಡಿ ಕೂತರು. ಹಾಲ್ ತುಂಬಿತು. ಸಂಘದ ಸದಸ್ಯರು ಮಾತ್ರ ಒಬ್ಬರೂ ಇಲ್ಲ. ಅಧ್ಯಕ್ಷರೂ ಆ ದಿನವೇ ತಡ.

ನಮ್ಮವರು ನನ್ನನ್ನು ಮೂಲೆಗೆ ಕರೆದು, "ಇದೇನೇ ಇದು, ಅರಿಶಿನ ಕುಂಕುಮದ ಕಾರ್ಯಕ್ರಮಾನಾ? ನನ್ನ ಸ್ಲೈಡೆಲ್ಲ ಬರೀ ರಕ್ತ ಕಣೆ!" ಎಂದು ಪಿಸುಗುಟ್ಟಿದರು.

"ಹಾಗಾದ್ರೆ ಹಾಕ್ಬೇಡಿ. ಬಾಯಲ್ಲೇ ಹೇಳಿ."

ಲ್ಯಾಪ್‌ಟಾಪ್ ಮುಚ್ಚಿದರು. ಗಂಟಲು ಸರಿಮಾಡಿಕೊಂಡು ಕನ್ನಡದಲ್ಲೇ ಶುರುಮಾಡಿದರು. "ನಿಮ್ಮ ಪಕ್ಕದ ಮನೆ ಹುಡುಗನಿಗೆ ಫ್ಯಾಕ್ಟರೀಲಿ ಬೆರಳು ತುಂಡಾಯ್ತು ಅಂದ್ಕೊಳಿ. ಆ ತುಂಡನ್ನ ಏನ್ ಮಾಡ್ತೀರಾ?"

"ಐಸಲ್ಲಿ ಹಾಕ್ತೀವಿ ಡಾಕ್ಟ್ರೇ" ಎಂದಳು ಶೈಲಾ.

"ನೇರವಾಗಿ ಹಾಕಿದ್ರೆ ಕೆಟ್ಟೋಗುತ್ತಮ್ಮ. ಶುದ್ಧವಾದ ಒದ್ದೆ ಬಟ್ಟೇಲಿ ಸುತ್ತಿ, ಕವರಿಗೆ ಹಾಕಿ ಬಾಯಿ ಕಟ್ಟಿ, ಆ ಕವರನ್ನ ಐಸ್ ನೀರಲ್ಲಿಡಿ."

ಅಷ್ಟರಲ್ಲಿ ಅಡುಗೆಯವರು ಹೋಳಿಗೆಗೆ ತುಪ್ಪ ಸಾಲದೆಂದು ಕರೆದರು. ನಾನು ತುಪ್ಪಕ್ಕೆ ಓಡಿದೆ, ಆಮೇಲೆ ನೀರಿನ ಬಾಟಲಿಗೆ, ಆಮೇಲೆ ಹಪ್ಪಳಕ್ಕೆ. ತಿರುಗಿ ಬಂದಾಗ ಊಟದ ಹೊತ್ತಾಗಿ ಡಾಕ್ಟರುಗಳೆಲ್ಲ ಬಂದಿದ್ದರು. ಕುರ್ಚಿ ಖಾಲಿ ಇಲ್ಲದೆ ಗೋಡೆಗೆ ಒರಗಿ ನಿಂತಿದ್ದರು.

"ಊಟ ಯಾವಾಗಂತೆ?" ಎಂದು ಮೂಳೆ ಡಾಕ್ಟರು ಬಗ್ಗಿ ಹೆಂಡತಿಯನ್ನು ಕೇಳಿದರು.

"ಶ್! ಸುಮ್ನಿರ್ರೀ, ಡಾಕ್ಟ್ರು ಹೇಳ್ತಿದಾರೆ."

"ನಾನೂ ಡಾಕ್ಟ್ರೇ ಕಣೆ."

"ಹಂಗಾದ್ರೆ ನೀವೂ ಕೇಳ್ಕೊಳಿ."

ಕೇಳಿಕೊಂಡರು. ಎಲ್ಲರೂ ನಿಂತೇ ಕೇಳಿಕೊಂಡರು. ಮುಗಿದಾಗ ಅದೇ ಮೂಳೆ ಡಾಕ್ಟರು ಮುಂದೆ ಬಂದು, "ಸಾರ್, ಇನ್ಮೇಲೆ ಅಂಥ ಕೇಸ್ ಬಂದ್ರೆ ಎಷ್ಟೊತ್ತಾದ್ರೂ ನೇರ ನಂಗೇ ಫೋನ್ ಮಾಡಿ" ಎಂದರು. ನಮ್ಮವರು ಅವರ ಕೈಯನ್ನು ಬಿಡದೆ ಹಿಡಿದು ನಿಂತದ್ದನ್ನು ಹಪ್ಪಳದ ಬುಟ್ಟಿಯ ಹಿಂದಿನಿಂದ ನೋಡಿದೆ. ನನಗೆ ಅಷ್ಟು ಸಾಕಾಗಿತ್ತು.

ಮರುದಿನ ಕಾಫಿ ಕುಡಿಯುತ್ತಾ ಕೇಳಿದರು, "ಹೇಗಿತ್ತೇ ನನ್ನ ಮಾತು?"

"ತುಂಬಾ ಚೆನ್ನಾಗಿತ್ತು ರೀ."

"ಯಾವುದು ಇಷ್ಟ ಆಯ್ತು?"

"ಐಸು" ಎಂದೆ.

"ಅದು ಶುರುವಿನಲ್ಲಿ. ಆಮೇಲೆ?"

ಆಮೇಲಿನದು ನನಗೆ ತುಪ್ಪದಿಂದಾಚೆಗೆ ಗೊತ್ತಿರಲಿಲ್ಲ. ಬಾಯಲ್ಲಿ ತಪ್ಪಿಲ್ಲವೆಂದರೂ, ಬರೀ ಊಟಕ್ಕೆ ಬರುವ ಸಂಘದ ಸದಸ್ಯರನ್ನು ಮನಸ್ಸಿನಲ್ಲೇ ಅಷ್ಟು ಬಯ್ದುಕೊಂಡು, ಫೋನ್ ಮಾಡಿ ಮಾಡಿ ಊರಿನ ಹೆಂಗಸರನ್ನೆಲ್ಲ ಕೂರಿಸಿದ ನಾನೇ ಕೊನೆಗೆ ಉಪನ್ಯಾಸ ಬಿಟ್ಟು ಊಟದ ಕಡೆ ಇದ್ದವಳು! ಅವರಿಗೆ ಅರ್ಥವಾಯಿತು. ಲೋಟ ಕೆಳಗಿಟ್ಟು, ಎದುರಿನ ಕುರ್ಚಿ ಎಳೆದು, "ಕೂತ್ಕೋ" ಎಂದರು.

"ಸಾರು ಒಲೆ ಮೇಲಿದೆ ರೀ, ಬೇಗ ಮುಗಿಸಿ" ಎನ್ನುತ್ತಾ ಕೂತೆ. ಅವರು ಮೊದಲಿನಿಂದ ಶುರುಮಾಡಿದರು.