ಪ್ಲೇಟಿಗೆ ಮಾರ್ಕು ಹಾಕುತ್ತಿದ್ದ ಕಾಲ

ಇನ್ನೊಬ್ಬರು ಹಾಡಿದ್ದಕ್ಕೆ ಮಾರ್ಕು ಹಾಕಲು ಕೂತವನಿಗೆ ರಗಳೆ ತಪ್ಪಿದ್ದಲ್ಲ. ನನಗಂತೂ ವಾರಕ್ಕೊಂದು ಬರುತ್ತಿತ್ತು.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಗುರುವಾಯನಕೆರೆ ಹತ್ತಿರದ ಒಂದು ಶಾಲೆಯಲ್ಲಿ ನಾನು ವಿಜ್ಞಾನದ ಮಾಷ್ಟ್ರು. ಹಂಗಾಮಿ ಮಾಷ್ಟ್ರು. ಬೇಸಗೆ ರಜೆ ಬಂದರೆ ಕೆಲಸ ಹೋಗುವುದು, ಹೆಡ್ಮಾಷ್ಟ್ರು ಮನಸ್ಸು ಮಾಡಿದರೆ ಜೂನಿಗೆ ಪುನಃ ಸಿಗುವುದು. ವಿಟ್ಲದಲ್ಲಿ ನಾನು ನೋಡಿ ಒಪ್ಪಿದ್ದ ಹುಡುಗಿಯ ತಂದೆ, "ಖಾಯಂ ಆದ ಕಾಗದ ತೋರಿಸಿ, ಮತ್ತೆ ಮದುವೆಯ ಮಾತು" ಎಂದುಬಿಟ್ಟಿದ್ದರು. ಆ ಕಾಗದಕ್ಕೆ ಶಿಫಾರಸು ಬರೆಯಬೇಕಾದವರೂ ಅದೇ ಹೆಡ್ಮಾಷ್ಟ್ರು.

ಭಜನೆಗೆ ಹಾರ್ಮೋನಿಯಂ ಒತ್ತುತ್ತೇನೆ ಎಂಬ ಒಂದೇ ಅರ್ಹತೆಯ ಮೇಲೆ ಮಂಗಳೂರಿನ ಒಂದು ವಾರಪತ್ರಿಕೆ ನನಗೆ ಹೊಸ ಗ್ರಾಮಫೋನ್ ಪ್ಲೇಟುಗಳ ವಿಮರ್ಶೆ ಬರೆಯಲು ಕೊಟ್ಟಿತ್ತು. ನನ್ನಲ್ಲಿ ಗ್ರಾಮಫೋನ್ ಉಂಟೋ ಎಂದು ಅವರು ಕೇಳಲಿಲ್ಲ, ಇಲ್ಲ ಎಂದು ನಾನೂ ಹೇಳಲಿಲ್ಲ.

೧. ಫೇಲಾದ ಪ್ಲೇಟು

ಸಂಪಾದಕರು ಹೇಳಿದ್ದರು: "ನೀವು ಬರೆದದ್ದನ್ನು ಪೂರ್ತಿ ಓದಲಿಕ್ಕೆ ಯಾರಿಗೆ ಪುರುಸೊತ್ತುಂಟು ಮಾಷ್ಟ್ರೆ? ಕೊನೆಗೆ ನೂರಕ್ಕೆ ಇಷ್ಟು ಅಂತ ಮಾರ್ಕು ಹಾಕಿ."

ಮಾಷ್ಟ್ರಿಗೆ ಅದೇನು ಕಷ್ಟ? ಒಂದು ಪ್ಲೇಟಿಗೆ ಮೂವತ್ತನಾಲ್ಕು ಹಾಕಿದೆ. ಮರುವಾರ ಬಂಟ್ವಾಳದಿಂದ ಒಬ್ಬ ಹೋಟೆಲಿನವರು ಬಸ್ಸು ಹಿಡಿದು ಶಾಲೆಗೇ ಬಂದರು. ಬೆವರೊರೆಸಿಕೊಳ್ಳುತ್ತಾ, "ಎಂತ ಮಾರಾಯ್ರೆ, ನನ್ನ ಹೊಟ್ಟೆಗೆ ಹೊಡೆದಿರಲ್ಲ!" ಎಂದರು.

"ನಾನೆಂತ ಮಾಡಿದೆ?"

"ಆ ಪ್ಲೇಟನ್ನು ಹೊಸತಾಗಿ ತಂದು ಹೋಟೆಲಿನಲ್ಲಿ ಇಟ್ಟಿದ್ದೆ. ಈಗ ಹಾಕಿದರೆ ಚಾ ಕುಡಿಯುವವರು, ಫೇಲಾದವನ ಹಾಡು ನಮಗೆ ಬೇಡ ಅಂತ ಎದ್ದು ಎದುರಿನ ಹೋಟೆಲಿಗೆ ಹೋಗ್ತಾರೆ. ಒಂದೇ ಒಂದು ಮಾರ್ಕು ಮಾಷ್ಟ್ರೆ. ಮಕ್ಕಳಿಗೆ ಕೊಡುವುದಿಲ್ಲವಾ?"

ಮನುಷ್ಯನ ಮುಖ ನೋಡಿ ಪಾಪ ಕಂಡಿತು. ಮುಂದಿನ ವಾರ "ಮರುಮೌಲ್ಯಮಾಪನದಲ್ಲಿ ಮೂವತ್ತೈದು" ಎಂದು ಅಚ್ಚಾಯಿತು. ಹೋಟೆಲಿನವರು ಆ ತುಂಡನ್ನು ಕತ್ತರಿಸಿ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ಅಂಟಿಸಿದರಂತೆ. ಕೆಳಗೆ ಅವರೇ ಸೀಮೆಸುಣ್ಣದಲ್ಲಿ ಬರೆದದ್ದು: "ನಮ್ಮ ಪ್ಲೇಟು ಪಾಸು. ಕೂತು ಕೇಳಬಹುದು."

೨. ಎರಡನೇ ಬದಿ

ಪ್ಲೇಟು ಕೇಳಲು ನಾನು ಹೋಗುತ್ತಿದ್ದದ್ದು ಮೂಡುಬಿದಿರೆಯ ಒಬ್ಬ ಜೈನ ಧಣಿಗಳ ಮನೆಗೆ. ಬಟ್ಟೆ ವ್ಯಾಪಾರಸ್ಥರು, ಬಹಳ ಒಳ್ಳೆಯ ಜನ. ಆದರೆ ಗ್ರಾಮಫೋನನ್ನು ಅವರಲ್ಲದೆ ಬೇರೆ ಯಾರೂ ಮುಟ್ಟಬಾರದು. ಅದು ಒಳಗಿನ ಕೋಣೆಯಲ್ಲಿ, ನಾನು ಹೊರಗೆ ಚಾವಡಿಯಲ್ಲಿ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಬಸ್ಸು ಕಾದು, ಅಲ್ಲಿ ಮುಟ್ಟುವಾಗ ಹೊತ್ತು ಇಳಿದಿರುತ್ತಿತ್ತು. ಅವರದ್ದು ಸೂರ್ಯ ಮುಳುಗುವ ಮೊದಲು ಊಟ ಮುಗಿಸುವ ಮನೆ. ಹಾಗಾಗಿ ಪ್ಲೇಟಿನ ಒಂದು ಬದಿ ಮುಗಿಯುವುದಕ್ಕೂ ಒಳಗಿಂದ "ಬಡಿಸಿ ಆಯ್ತು" ಎಂಬ ಕರೆ ಬರುವುದಕ್ಕೂ ಸರಿ. ಎರಡನೇ ಬದಿಯನ್ನು ನಾನು ಒಂದು ಸಲವೂ ಕೇಳಿದ್ದಿಲ್ಲ. ಆದರೆ ಬರೆಯದೆ ಬಿಡಲಿಕ್ಕಾಗುತ್ತದಾ? ಪ್ರತಿ ವಾರವೂ ಒಂದೇ ವಾಕ್ಯ: "ಎರಡನೇ ಬದಿಯಲ್ಲಿ ಶ್ರುತಿ ತುಸು ಇಳಿದಿದೆ."

ವರ್ಷವಿಡೀ ಯಾರೂ ಏನೂ ಹೇಳಲಿಲ್ಲ. ಕೊನೆಗೊಮ್ಮೆ ಬೆಳ್ತಂಗಡಿಯ ಓದುಗರೊಬ್ಬರು ಕಾರ್ಡು ಬರೆದರು: "ಮಾನ್ಯರೇ, ಈ ವಾರದ ಪ್ಲೇಟಿನ ಎರಡನೇ ಬದಿಯಲ್ಲಿ ಹಾಡೇ ಇಲ್ಲ. ಗಂಡ ಹೆಂಡತಿ ಜಗಳವಾಡುವ ಹಾಸ್ಯ ಸಂಭಾಷಣೆ ಉಂಟು. ಶ್ರುತಿ ಇಳಿದದ್ದು ಗಂಡನದ್ದೋ ಹೆಂಡತಿಯದ್ದೋ ತಿಳಿಸಿ."

೩. ಹೆಡ್ಮಾಷ್ಟ್ರ ಬಾವ

ಇನ್ನು ನನ್ನ ಜೀವ ಬಾಯಿಗೆ ಬಂದ ಕಥೆ.

ಹೆಡ್ಮಾಷ್ಟ್ರ ಹೆಂಡತಿಯ ತಮ್ಮ, ನಮ್ಮ ಕಡೆ ಅವನೂ ಬಾವನೇ, ಮದ್ರಾಸಿಗೆ ಹೋಗಿ, ಕೈಯಿಂದ ಖರ್ಚು ಮಾಡಿ, ಒಂದು ದೇವರನಾಮದ ಪ್ಲೇಟು ಹಾಡಿ ಬಂದ. ಅವನ ಹಾಡು ಊರಿಗೇ ಗೊತ್ತು. ಸ್ವರ ರೂಲುದೊಣ್ಣೆಯ ಹಾಗೆ ನೆಟ್ಟಗೆ ಹೋಗುವುದು, ತಾಳ ತನ್ನ ಪಾಡಿಗೆ ಬೇರೆ ಕಡೆ ಹೋಗುವುದು. ಹೆಡ್ಮಾಷ್ಟ್ರು ಪ್ಲೇಟನ್ನು ನನ್ನ ಕೈಗೆ ಕೊಟ್ಟು, "ನ್ಯಾಯವಾಗಿ ಬರೆಯಿರಿ. ನಾನು ಮಧ್ಯೆ ಬರುವುದಿಲ್ಲ" ಎಂದರು. ಮುಖದಲ್ಲಿ ನಗುವಿಲ್ಲ, ಕೋಪವೂ ಇಲ್ಲ. ಶಿಫಾರಸು ಬರೆಯುವ ತಿಂಗಳು ಬೇರೆ. ಕಡಿಮೆ ಹಾಕಿದರೆ ಕೆಲಸವೂ ಇಲ್ಲ, ಮದುವೆಯೂ ಇಲ್ಲ. ಹೆಚ್ಚು ಹಾಕಿದರೆ ಮೂಡುಬಿದಿರೆಯ ಸಂಗೀತಗಾರರು ಎದುರು ಸಿಕ್ಕಿದಾಗ ಉಗಿದಾರು. ಮಂಡೆ ಬಿಸಿಯಾಯಿತು.

ಶನಿವಾರ ಬಸ್ಸು ಹತ್ತಿದರೆ ಕಾಲಿಡಲು ಜಾಗವಿಲ್ಲ. ಕಂಡಕ್ಟರು ಹೇಳಿದ: "ಕೈಯಲ್ಲಿ ಹಿಡಿದರೆ ತುಂಡಾಗ್ತದೆ ಮಾಷ್ಟ್ರೆ. ಡ್ರೈವರನ ಹತ್ರ ಇಂಜಿನಿನ ಬೋನೆಟಿನ ಮೇಲಿಡಿ. ಅಲ್ಲಿ ಯಾರೂ ಕೂರುವುದಿಲ್ಲ, ಅಡಿ ಸುಡ್ತದೆ."

ಮನುಷ್ಯನ ಅಡಿ ಸುಡುವ ಜಾಗದಲ್ಲಿ ಅರಗಿನ ಪ್ಲೇಟು ಇಡಬಾರದು ಎಂದು ವಿಜ್ಞಾನ ಪಾಠ ಮಾಡುವ ನನಗೆ ಹೊಳೆಯಲಿಲ್ಲ ನೋಡಿ!

ಧಣಿಗಳು ಊಟದ ಅವಸರದಲ್ಲಿ ಚೀಲದಿಂದ ಪ್ಲೇಟು ತೆಗೆದು, ಎಂದಿನಂತೆ ಸೂಜಿ ಇಟ್ಟು ಕೈಕಾಲು ತೊಳೆಯಲು ಹೋದರು. ಚಾವಡಿಯಲ್ಲಿ ಕೂತ ನನಗೆ ರೋಮಾಂಚನ. ಅವನದ್ದೇ ಗಂಟಲು, ಆದರೆ ಪ್ರತಿ ಸ್ವರವೂ ತೂಗುತ್ತದೆ, ಏಳುತ್ತದೆ, ಇಳಿಯುತ್ತದೆ. ತಾಳ ತಪ್ಪಿದ್ದೇನೋ ಹೌದು, ಆದರೂ ಏನು ಗಮಕ! ದೇವರೇ ನನ್ನ ಕೈ ಹಿಡಿದ ಎಂದುಕೊಂಡು ಮನಸಾರೆ ಬರೆದೆ: "ಇಂಥ ಗಮಕವನ್ನು ನಾನು ಈವರೆಗೆ ಕೇಳಿದ್ದಿಲ್ಲ. ಎಂಬತ್ತೆರಡು."

ಪತ್ರಿಕೆ ಬಂದ ಮರುವಾರ ಪ್ಲೇಟನ್ನು ಹಿಂದೆ ಕೊಡುವ ಎಂದು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. ಕರಿದ ಹಪ್ಪಳದ ಹಾಗೆ ಸೊಟ್ಟಗೆ ಕೂತಿತು. ಆ ಗಮಕ ಎಲ್ಲಿಂದ ಬಂತೆಂದು ಆಗ ಹೊಳೆಯಿತು. ಅಷ್ಟರಲ್ಲಿ ಬಾಗಿಲಲ್ಲಿ ಹೆಡ್ಮಾಷ್ಟ್ರು, ಜೊತೆಗೆ ಅವರ ಬಾವ.

"ಮಾಷ್ಟ್ರೆ, ನೀವು ಬರೆದದ್ದು ಓದಿ ಮೂರು ಕಡೆ ಸಂಗೀತ ಕಚೇರಿಗೆ ಕರೆದಿದ್ದಾರೆ" ಎಂದ ಬಾವ. "ಎಲ್ಲರಿಗೂ ಆ ಗಮಕವೇ ಬೇಕಂತೆ. ಆದರೆ ನನ್ನಲ್ಲಿರುವ ಪ್ಲೇಟಿನಲ್ಲಿ ಅದು ಇಲ್ಲವೇ ಇಲ್ಲ. ನಿಮ್ಮದನ್ನು ಎಂಟು ದಿನಕ್ಕೆ ಕೊಡಿ, ಕಲಿತು ತರ್ತೇನೆ."

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಬೋನೆಟಿನ ವಿಷಯ ಪೂರಾ ಹೇಳಿಬಿಟ್ಟೆ. ಹೆಡ್ಮಾಷ್ಟ್ರು ಕಿಟಕಿಯ ಹೊರಗೆ ನೋಡಿದರು. ಆದರೆ ಬಾವ ಅಲುಗಲಿಲ್ಲ.

"ಪ್ಲೇಟು ಬಗ್ಗಿದರೆ ಎಂತಾಯ್ತು? ಹಾಡಿದ್ದು ನಾನೇ ಅಲ್ವಾ?" ಎಂದು ಅದನ್ನು ಬಗಲಿಗೆ ಸೇರಿಸಿ ಹೊರಟೇಹೋದ.

ಅವನು ಅದನ್ನು ಕಲಿತದ್ದೂ ಹೌದು. ಸೊಟ್ಟ ಪ್ಲೇಟು ಪ್ರತಿ ಸುತ್ತಿನಲ್ಲಿ ಒಮ್ಮೆ ಏಳುವುದನ್ನು ನೋಡಿ ನೋಡಿ, ಶಾಲೆಯ ವಾರ್ಷಿಕೋತ್ಸವದಲ್ಲಿ ತಾನೂ ಪ್ರತಿ ಸ್ವರಕ್ಕೆ ಚಾಪೆಯಿಂದ ಒಮ್ಮೆ ಎದ್ದು ಒಮ್ಮೆ ಕೂತು ಹಾಡಿದ. ತಾಳ ಎಂದಿನಂತೆ ಎತ್ತಲೋ ಹೋಯಿತು. ಆದರೆ ಜನ ಚಪ್ಪಾಳೆ ಹೊಡೆದದ್ದೇ ಹೊಡೆದದ್ದು.

ಪಕ್ಕದಲ್ಲಿದ್ದ ಹೆಡ್ಮಾಷ್ಟ್ರು ನನ್ನ ಕಿವಿಯ ಹತ್ತಿರ ಬಗ್ಗಿದರು. ಆಯ್ತು, ನನ್ನ ಕಥೆ ಮುಗಿಯಿತು ಎಂದು ಕಣ್ಣು ಮುಚ್ಚಿದೆ.

"ಮಾಷ್ಟ್ರೆ, ಮದುವೆಯಾದಂದಿನಿಂದ ಇವನ ಹಾಡು ಕೇಳ್ತಾ ಇದ್ದೇನೆ. ಇವನನ್ನು ತಿದ್ದಲಿಕ್ಕೆ ಯಾವ ಗುರುವಿಗೂ ಆಗಲಿಲ್ಲ. ನಿಮಗೆ ಒಂದೇ ಬಸ್ಸಿನಲ್ಲಿ ಆಯ್ತು. ನಿಮ್ಮನ್ನು ಖಾಯಂ ಮಾಡಲಿಕ್ಕೆ ನಾಳೆಯೇ ಬರೀತೇನೆ. ಒಂದು ಉಪಕಾರ ಮಾತ್ರ ಮಾಡಿ. ಈ ಶನಿವಾರ ಮೂಡುಬಿದಿರೆಗೆ ಹೋಗುವಾಗ ಇವನನ್ನೇ ಆ ಬೋನೆಟಿನ ಮೇಲೆ ಕೂರಿಸಿಕೊಂಡು ಹೋಗಿ. ತಾಳವೂ ಸರಿಯಾಗ್ತದಾ ನೋಡುವ."